ನೀರು ತುಂಬುವ ಹಬ್ಬದ ನೊರೆ

ಸ್ವಲ್ಪ ತಾಳಿ. ಮೀನಿನ ತೊಟ್ಟಿಯ ವಿಷಯ ಅಂದ ಕೂಡಲೇ ಪುಟ ತಿರುಗಿಸಬೇಡಿ. ನೊರೆ ಉಕ್ಕುವ ಜಾಗ ಬರುವ ತನಕವಾದರೂ ಕಾಯಿರಿ, ಆಮೇಲೆ ನಿಮ್ಮಿಷ್ಟ.

ಜಯನಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಾನು ಉಪ್ಪುನೀರಿನ ಅಕ್ವೇರಿಯಂ ಕಟ್ಟಿದ್ದು ಮೂರು ವರ್ಷದ ಹಿಂದೆ, ಎಂಬತ್ತರ ದಶಕ ಅರ್ಧ ಕಳೆದಾಗ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಊರಲ್ಲಿ ಮೀನು ಸಾಕುವವರೇನೋ ಬೇಕಾದಷ್ಟು ಜನ ಇದ್ದರು, ಆದರೆ ಎಲ್ಲರದೂ ಗಪ್ಪಿ, ಗೋಲ್ಡ್‌ಫಿಶ್. ಸಮುದ್ರದ ಮೀನಿನ ಬಗ್ಗೆ ಕೇಳೋಣವೆಂದರೆ ಒಬ್ಬನೂ ಸಿಗಲಿಲ್ಲ. ಫುಟ್‌ಪಾತಿನಲ್ಲಿ ಕೊಂಡ ಹಳೆಯ ವಿದೇಶಿ ಪತ್ರಿಕೆಯೊಂದೇ ನನ್ನ ಗುರು. ಆ ಗುರುವಿಗೂ ಕೊನೆಯ ಪುಟಗಳಿರಲಿಲ್ಲ. ಯಂತ್ರ ಹೇಗೆ ಮಾಡಬೇಕು ಎಂದಿತ್ತು. ಕೆಟ್ಟರೆ ಏನು ಮಾಡಬೇಕು ಎನ್ನುವುದು ಹರಿದ ಪುಟಗಳ ಜೊತೆ ಹೋಗಿತ್ತು.

ನೀರು ಮದರಾಸಿನಿಂದ ಬರಬೇಕು. ರೈಲಿನಲ್ಲಿ ಹೋಗಿ, ಮೀನುಗಾರರ ಕೈಕಾಲು ಹಿಡಿದು, ದಡದಿಂದ ದೂರದ ನೀರನ್ನು ಕ್ಯಾನುಗಳಲ್ಲಿ ತುಂಬಿಸಿಕೊಂಡು ಬರುತ್ತಿದ್ದೆ. ಅದನ್ನು ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ತಡೆಯುತ್ತಿದ್ದ.

"ಸೀಮೆಎಣ್ಣೆ ಬಸ್ಸಲ್ಲಿ ತರಂಗಿಲ್ಲ ಸಾರ್, ಇಳೀರಿ ಇಳೀರಿ."

"ಸೀಮೆಎಣ್ಣೆ ಅಲ್ಲಣ್ಣ, ಸಮುದ್ರದ ನೀರು."

ಒಂದು ಕ್ಷಣ ನನ್ನ ಮುಖ ನೋಡಿದ. "ಸಮುದ್ರನಾ? ಸರಿ, ಅದಕ್ಕೂ ಒಂದು ಲಗೇಜ್ ತಗೊಳ್ಳಿ."

ತೊಟ್ಟಿಯ ಮೂಲೆಯಲ್ಲಿ ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರವನ್ನು ನಾನೇ ಮಾಡಿ ನಿಲ್ಲಿಸಿದ್ದೆ. ಯಂತ್ರವೆಂದರೆ ಏನೂ ಇಲ್ಲ, ಮೊಳದುದ್ದದ ಒಂದು ಅಕ್ರಿಲಿಕ್ ಕೊಳವೆ. ಅದರ ತಳದಲ್ಲಿ ಒಂದು ಮೆದು ಮರದ ತುಂಡು. ಚನ್ನಪಟ್ಟಣದ ಬೊಂಬೆ ಮಾಡುತ್ತಾರಲ್ಲ, ಆ ಹಾಲೆ ಮರದ್ದು. ಮರದ ಮೂಲಕ ಪಂಪಿನ ಗಾಳಿ ಊದಿದರೆ ರವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಮೀನು ತಿಂದು ಬಿಟ್ಟದ್ದು, ಅದರ ಹೇಲು, ನೀರಿನಲ್ಲಿ ಕರಗಿದ ಜಿಡ್ಡು, ಎಲ್ಲ ಆ ಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ, ಕೊಳವೆಯ ತುದಿಯಲ್ಲಿರುವ ಡಬ್ಬಿಗೆ ಬೀಳುತ್ತದೆ. ದಿನಕ್ಕೊಮ್ಮೆ ಡಬ್ಬಿ ಖಾಲಿ ಮಾಡಿದರೆ ಆಯಿತು. ಇದನ್ನು ನಾನು ಅಮ್ಮನಿಗೆ ಕೈ ಬಾಯಿ ತಿರುಗಿಸಿ ಬಹಳ ಹೊತ್ತು ವಿವರಿಸಿದೆ.

"ಸಕ್ಕರೆ ಪಾಕಕ್ಕೆ ಒಂದು ಚಮಚ ಹಾಲು ಬಿಟ್ರೆ ಕೊಳೆ ಮೇಲಕ್ಕೆ ಬರಲ್ವಾ, ಹಾಗೆ ಅನ್ನು" ಎಂದಳು.

ಇಷ್ಟೇ ಮಾತು. ಆದರೆ ಅಪ್ಪ ಹೋದ ಮೇಲೆ ಅಮ್ಮ ತಾನಾಗಿ ಆಡಿದ ಅಷ್ಟುದ್ದದ ಮಾತು ಅದೇ ಮೊದಲು.

ಅಮ್ಮನ ಕೈಗುಣ ನಮ್ಮ ರಸ್ತೆಗೆಲ್ಲ ಗೊತ್ತಿತ್ತು. ಅವಳು ನೆಟ್ಟ ಕಡ್ಡಿ ಚಿಗುರುತ್ತಿತ್ತು. ಉಪ್ಪಿನಕಾಯಿಯ ಕಾಲ ಬಂದರೆ ಅಕ್ಕಪಕ್ಕದವರು ಜಾಡಿ ಹೊತ್ತು ತಂದು, "ನೀವೊಂದು ಸಲ ಕೈ ಹಾಕಿ ಕಲಸಿಕೊಡಿ, ಕೆಡಲ್ಲ" ಎನ್ನುತ್ತಿದ್ದರು. ಅಪ್ಪನಿಗೆ ಕೊನೆಯ ಲೋಟ ಗಂಜಿ ಕುಡಿಸಿದ್ದೂ ಆ ಕೈಯೇ. ಕುಡಿಸಿ, ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಡಾಕ್ಟರು ಹೃದಯ ಎಂದರು. ಅಮ್ಮ "ನನ್ನ ಕೈಗುಣ" ಎಂದಳು. ಅಂದಿನಿಂದ ಅಡುಗೆ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಗಿಡಕ್ಕೆ ನೀರು ನಾನು ಹಾಕಬೇಕು. ಹಾಲಿಗೆ ಹೆಪ್ಪು ಸಹ ನಾನೇ ಹಾಕಬೇಕು. ನಾನು ಹಾಕಿದ ಮೊಸರು ಒಂದು ದಿನವೂ ನೆಟ್ಟಗೆ ಹೆಪ್ಪುಗಟ್ಟಲಿಲ್ಲ, ಆದರೂ ಅವಳು ಮುಟ್ಟಲಿಲ್ಲ.

ಅಚ್ಚುಕಟ್ಟಾದ ಸಸ್ಯಾಹಾರಿ ಮನೆಗೆ ಮೀನು ತಂದಾಗ ಜಗಳವಾಗಬೇಕಿತ್ತು. ಜಗಳವಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಒಲೆ ಹತ್ತಿರ ತರಬೇಡ" ಎಂದಳು, ಮುಗಿಯಿತು. ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಒಂದು ಜೊತೆ ಮೀನು ಅವು. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಒಂದು ಒಡೆದ ಮಡಕೆಯೊಳಗೆ ಸಂಸಾರ. ಕೆಲವು ವಾರ ಕಳೆದ ಮೇಲೆ ನೋಡುತ್ತೇನೆ, ಅಮ್ಮ ಅಕ್ಕಿ ಆರಿಸುವ ಮೊರವನ್ನು ತೊಟ್ಟಿಯ ಪಕ್ಕಕ್ಕೇ ತಂದುಕೊಂಡಿದ್ದಾಳೆ. ಆರಿಸುತ್ತಾ ಆರಿಸುತ್ತಾ ಕೈ ನಿಂತುಹೋಗಿರುತ್ತಿತ್ತು. ಮೀನಿನ ತಿಂಡಿಯ ಡಬ್ಬಿ ಚಾಚಿದರೆ ಮಾತ್ರ, "ಬೇಡ, ನೀನೇ ಹಾಕು." ಆ ಕೈ ಒಂದು ಸಲ ಈ ನೀರಿಗೆ ಬಂದರೆ, ನಿಧಾನವಾಗಿ ಗಿಡಕ್ಕೂ ಬರುತ್ತದೆ, ಮೊಸರಿಗೂ ಬರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ ಆಮೇಲೆ ನಾನು ತೊಟ್ಟಿಯನ್ನು ಅಷ್ಟು ಚೆನ್ನಾಗಿ ನೋಡಿಕೊಂಡದ್ದು ಅದಕ್ಕೇ.

ಅಪ್ಪ ತೀರಿಕೊಂಡ ವರ್ಷ ನಮಗೆ ದೀಪಾವಳಿ ಇರಲಿಲ್ಲ. ಮರುವರ್ಷ ಅಪ್ಪನ ವರ್ಷಾಬ್ದಿಕ ಮುಗಿದಿತ್ತು. ನೀರು ತುಂಬುವ ಹಬ್ಬದ ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಬಚ್ಚಲಲ್ಲಿ ಹಂಡೆ ಫಳಫಳ ಹೊಳೆಯುತ್ತಿದೆ. ಸುಣ್ಣ, ಕೆಂಪು ಜಾಜಿಯ ಪಟ್ಟೆ ಬಳಿದು, ಕುತ್ತಿಗೆಗೆ ಮಾಲಿಂಗನ ಬಳ್ಳಿ ಸುತ್ತಿದ್ದಾಳೆ. ಬಿಂದಿಗೆ, ಕೊಡಪಾನ, ಬಕೆಟ್ಟು ಎಲ್ಲ ತಿಕ್ಕಿ ತೊಳೆದು ಸಾಲಾಗಿ ನಿಂತಿವೆ. ಸಾಲಿನ ಕೊನೆಯಲ್ಲಿ ನನ್ನ ಪ್ಲಾಸ್ಟಿಕ್ ಕ್ಯಾನು. ಅದಕ್ಕೂ ಸುಣ್ಣದ ಪಟ್ಟೆ. ಅದರ ಕುತ್ತಿಗೆಗೂ ಬಳ್ಳಿ.

"ಎಲ್ಲಾದಕ್ಕೂ ತುಂಬಿ ಆಯ್ತು. ಅದಕ್ಕೆ ಮಾತ್ರ ನಿನ್ನ ಸಮುದ್ರ ನೀನೇ ತುಂಬ್ಕೋ" ಎಂದಳು. ಮತ್ತೆ, ಬೇರೆಲ್ಲೋ ನೋಡುತ್ತಾ, "ಕುಂಕುಮ ನೀನೇ ಇಟ್ಬಿಡು" ಎಂದಳು.

ಹಂಡೆಗೂ ಕ್ಯಾನಿಗೂ ಕುಂಕುಮ ಇಟ್ಟೆ. ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದ ಸಮುದ್ರದ ನೀರನ್ನು ಕ್ಯಾನಿಗೆ ತುಂಬಿದೆ.

"ಅವಕ್ಕೂ ಹೊಸ ನೀರು ಹಾಕೋ. ವರ್ಷಕ್ಕೊಂದು ಹಬ್ಬ."

ನಾನು ಕ್ಯಾನು ಎತ್ತಿ ಬಗ್ಗಿಸಿದಾಗ ಅಮ್ಮ ಕೆಳಗಿನಿಂದ ಎರಡೂ ಕೈ ಕೊಟ್ಟು ಹಿಡಿದಳು. ನೀರು ಇಳಿಯುವಷ್ಟು ಹೊತ್ತೂ ಹಿಡಿದೇ ಇದ್ದಳು.

ಅವಳು ಬಾಗಿಲಿಗೆ ದೀಪ ಇಟ್ಟು ಒಳಗೆ ಬರುವಷ್ಟರಲ್ಲಿ ಸ್ಕಿಮ್ಮರ್ ಉಕ್ಕಲು ಶುರುವಾಯಿತು. ಒಲೆಯ ಮೇಲಿನ ಹಾಲು ಉಕ್ಕುತ್ತದಲ್ಲ, ಹಾಗೆ. ಡಬ್ಬಿ ತುಂಬಿ, ಮುಚ್ಚಳ ಎತ್ತಿ, ತೊಟ್ಟಿಯ ಗಾಜಿನ ಮೇಲೆ ಹರಿದು ನೆಲಕ್ಕೆ. ಗಾಳಿಯ ನಳಿಕೆಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಗಿಸಿ ಗಾಳಿ ಕಡಿಮೆ ಮಾಡಿದೆ. ನೊರೆ ಇಳಿಯಿತು, ಕ್ಲಿಪ್ ತೆಗೆದರೆ ಮತ್ತೆ ಎದ್ದಿತು. ತೊಟ್ಟಿಯಲ್ಲಿ ನೀರು ಜಾಸ್ತಿಯಾದರೆ ನೊರೆ ಒದ್ದೆಯಾಗಿ ಬೇಗ ಮೇಲೇರುತ್ತದೆ, ಈಗ ತಾನೇ ಸುರಿದೆನಲ್ಲ ಎಂದು ಎರಡು ಚೆಂಬು ತೆಗೆದೆ. ವ್ಯತ್ಯಾಸವಿಲ್ಲ. ಮರದ ತುಂಡು ಬದಲಾಯಿಸಿದೆ. ಏನಾದರೂ ಸತ್ತು ಕೊಳೆಯುತ್ತಿದೆಯೇ ಎಂದು ಮಡಕೆ ಎತ್ತಿ ನೋಡಿದೆ, ಏನೂ ಇಲ್ಲ. ವಿಚಿತ್ರವೆಂದರೆ, ಪ್ರತಿದಿನ ಡಬ್ಬಿಗೆ ಬೀಳುವುದು ಟೀ ಡಿಕಾಕ್ಷನ್ನಿನ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ನೀರು. ಇದು ಬೆಳ್ಳಗೆ ಹಾಲಿನ ಹಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ನೊರೆ ತಾನಾಗಿ ಕುಳಿತದ್ದನ್ನು ನೋಡಿ ಸಮಾಧಾನವೇ ಆಯಿತು.

ಬೆಳಿಗ್ಗೆ ನರಕ ಚತುರ್ದಶಿ. ಎಣ್ಣೆ, ಸೀಗೆಪುಡಿ, ಹಂಡೆಯ ಹೊಗೆ, ಮನೆಯೆಲ್ಲ ಅದೇ ವಾಸನೆ. ಕರೆಂಟು ಬಂದಿತ್ತು, ಸ್ಕಿಮ್ಮರ್ ಮತ್ತೆ ಉಕ್ಕುತ್ತಿತ್ತು. ಮೀನುಗಳೆರಡೂ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ನಾನು ನೆಲ ಒರೆಸುತ್ತಿದ್ದಾಗ ಪದ್ಮನಾಭನಗರದ ನನ್ನ ಸ್ನೇಹಿತ ಬಂದ. ಕಾಲೇಜಿನಲ್ಲಿ ಜೊತೆಗೆ ಓದಿದವನು, ಅವನ ಮನೆಯಲ್ಲಿ ಗಪ್ಪಿಗಳಿವೆ. ತಲೆಗೂದಲು ಇನ್ನೂ ಒದ್ದೆ, ಕೈಯಲ್ಲಿ ಅವನಮ್ಮ ಕಳಿಸಿದ ಚಕ್ಕುಲಿ.

"ಏನ್ ಗುರು ಇದು! ಮೀನಿಗೂ ಎಣ್ಣೆಸ್ನಾನ ಮಾಡ್ಸಿದ್ಯಾ?"

"ಸುಮ್ನಿರೋ, ಪ್ರಾಣ ಹೋಗ್ತಿದೆ ಅವುಕ್ಕೆ."

ಅವನು ನೊರೆಯನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿದ. "ಮಗಾ, ಇದು ಕೊಳೆ ಅಲ್ಲ, ಸೋಪು." ಎದ್ದುಹೋಗಿ ಡ್ರಮ್ಮು ಮೂಸಿದ. ಕ್ಯಾನಿನ ಮುಚ್ಚಳ ತೆಗೆದು ಮೂಗು ಇಟ್ಟವನೇ ಜೋರಾಗಿ ನಕ್ಕುಬಿಟ್ಟ. "ಅಂಟುವಾಳ ಕಣೋ! ನಮ್ಮಜ್ಜಿ ರೇಷ್ಮೆ ಸೀರೆ ಒಗೆಯೋ ವಾಸ್ನೆ. ನಮ್ಮೂರ ಹಳ್ಳದಲ್ಲಿ ಮೀನಿಗೆ ಮತ್ತು ಬರ್ಸಕ್ಕೆ ಇಂಥ ಕಾಯಿನೇ ಜಜ್ಜಿ ಹಾಕ್ತಾರೆ. ಯಾವ ಪುಣ್ಯಾತ್ಮ ಗುರು ಇದನ್ನ ತೊಳೆದಿದ್ದು?"

ನಾನು ಕಣ್ಣು ಸನ್ನೆ ಮಾಡುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎರಡು ಕೈಯಲ್ಲಿ ಎರಡು ಲೋಟ ಕಾಫಿ.

"ನಾನೇ ಕಣಪ್ಪ" ಎಂದಳು.

ಅವನ ನಗು ಅಲ್ಲೇ ಸತ್ತುಹೋಯಿತು. "ಅಯ್ಯೋ ಆಂಟಿ, ಹಾಗಲ್ಲ, ನಾನು ಸುಮ್ನೆ ತಮಾಷೆಗೆ..."

"ಬಾಯಿ ಚಿಕ್ಕದು, ಒಳಗೆ ಕೈ ಹೋಗಲ್ಲ. ಅದಕ್ಕೇ ಅಂಟುವಾಳ ನೆನೆಸಿದ ನೀರು ಹಾಕಿ ಕುಲುಕಿದೆ. ನಲ್ಲೀಲಿ ನೀರು ನಿಂತುಹೋಯ್ತು. ಒಂದೇ ಸಲ ಗಲಬರಿಸಿದೆ." ಕಾಫಿಯನ್ನು ನಮ್ಮ ಮುಂದಿಟ್ಟಳು. "ಉಳಿಯುತ್ತಾ?"

"ಉಳಿಯುತ್ತಮ್ಮ" ಎಂದೆ.

ಮುಂದಿನದು ಬೇಗ ಬೇಗ ನಡೆಯಿತು. ಉಕ್ಕಿದರೆ ಉಕ್ಕಲಿ, ಸ್ಕಿಮ್ಮರ್ ನಿಲ್ಲಿಸಬಾರದು ಎಂದು ಈಗ ಅರ್ಥವಾಗಿತ್ತು. ವಿಷವನ್ನು ಅದೇ ತಾನೇ ಹೊರಗೆ ಎತ್ತಿಹಾಕುತ್ತಿರುವುದು. ಗಾಳಿ ಪೂರ್ತಿ ಬಿಟ್ಟು, ನಾನು ಡಬ್ಬಿ ಖಾಲಿ ಮಾಡುತ್ತಾ ಹೋದೆ, ಸ್ನೇಹಿತ ನೆಲ ಒರೆಸುತ್ತಾ ಹೋದ. ಡ್ರಮ್ಮಿನಲ್ಲಿ ಉಳಿದ ಶುದ್ಧ ನೀರನ್ನು ಗಾಜಿನ ಜಗ್ಗಿನಲ್ಲಿ ಮೊಗೆದು ತೊಟ್ಟಿಯ ನೀರು ಬದಲಾಯಿಸಿದೆವು. "ಅಮ್ಮಾ, ಈ ಡಬ್ಬಿ ಹಿಡ್ಕೋ, ಬಚ್ಚಲಿಗೆ ಸುರಿ" ಎಂದು ಬೇಕೆಂದೇ ಕರೆದೆ. ಅವಳು ಗೋಡೆಗೆ ಒರಗಿ ನಿಂತವಳು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, "ನಾನು ಮುಟ್ಟಲ್ಲ, ನೀವೇ ಮಾಡ್ಕೊಳ್ಳಿ" ಎಂದಳು.

ಬೀದಿಯಲ್ಲಿ ಪಟಾಕಿ ಜೋರಾಗುವ ಹೊತ್ತಿಗೆ ಚಿಕ್ಕ ಮೀನು ಪಕ್ಕಕ್ಕೆ ವಾಲಿ ತಳ ಸೇರಿತು. ದೊಡ್ಡದು ಮಡಕೆಯೊಳಗೆ ಹೋಗಿ ಕುಳಿತದ್ದು ಹೊರಗೆ ಬರಲಿಲ್ಲ.

"ಯಾವುದು ಹೋಯ್ತು?"

"ಚಿಕ್ಕದು."

"ಗಂಡು" ಎಂದಳು ಅಮ್ಮ. ಅವಳಿಗೆ ಅದನ್ನು ಹೇಳಿಕೊಟ್ಟವನು ನಾನೇ.

ಸ್ನೇಹಿತ ಹೋದ ಮೇಲೆ ನಾನು ಅವಳನ್ನು ಕೂರಿಸಿಕೊಂಡು ವಿವರಿಸಿದೆ. ಅಂಟುವಾಳದಲ್ಲಿ ನೊರೆ ಬರಿಸುವ ಪದಾರ್ಥವೊಂದಿದೆ, ಮೀನಿನ ಕಿವಿರಿಗೆ ಅದು ವಿಷ, ಅಪ್ಪಿತಪ್ಪಿ ಯಾರ ಮನೆಯಲ್ಲಾದರೂ ಆಗಬಹುದು, ನಾನೇ ತೊಳೆದಿದ್ದರೂ ಹೀಗೇ ಆಗುತ್ತಿತ್ತು.

"ಇದು ಕೈಗುಣ ಅಲ್ಲಮ್ಮ. ಅಂಟುವಾಳದ ಗುಣ."

ಅಮ್ಮ ಶಾಂತವಾಗಿಯೇ ಕೇಳಿಸಿಕೊಂಡಳು. "ಸರಿ. ಅಂಟುವಾಳ ಹಾಕಿದ ಕೈ ಯಾವುದು?"

ಮಾರನೆಯ ದಿನ ಮಾಡಬೇಕಿದ್ದ ಹೋಳಿಗೆಗೆ ಬೇಳೆ ನೆನೆಹಾಕಿದ್ದಳು. ಅದನ್ನು ಬಸಿದು ಸಾರಿಗೆ ಹಾಕಿಬಿಟ್ಟಳು.

ಇದಾಗಿ ಎರಡು ದೀಪಾವಳಿ ಕಳೆದಿವೆ. ದೊಡ್ಡ ಮೀನು ಬದುಕಿದೆ. ಜೊತೆಗೆ ಇನ್ನೊಂದನ್ನು ತಂದು ಬಿಟ್ಟೆ, ಕಚ್ಚಿ ಓಡಿಸಿತು, ಈಗ ಒಂಟಿ. ಸ್ಕಿಮ್ಮರ್ ಸರಿಯಾಗಿದೆ, ಡಬ್ಬಿಗೆ ಕಂದು ನೀರು ಬೀಳುತ್ತದೆ. ಅಮ್ಮ ನಡುಮನೆ ಗುಡಿಸುವಾಗ ತೊಟ್ಟಿಯ ಸ್ಟ್ಯಾಂಡಿನ ಸುತ್ತ ಒಂದು ಮೊಳ ಜಾಗ ಬಿಟ್ಟು ಗುಡಿಸುತ್ತಾಳೆ. ಅಕ್ಕಿಯ ಮೊರ ಅಡುಗೆಮನೆಗೆ ವಾಪಸ್ಸು ಹೋಗಿದೆ. ನಾನು ಕರೆದರೆ ಬಂದು ನೋಡುತ್ತಾಳೆ, "ಚೆನ್ನಾಗಿದೆ" ಎನ್ನುತ್ತಾಳೆ, ಹೋಗುತ್ತಾಳೆ. ಬೇಕೆಂದೇ ಒಮ್ಮೆ ಮೀನಿಗೆ ತಿಂಡಿ ಹಾಕದೆ ಆಫೀಸಿಗೆ ಹೋದೆ, ಹಸಿದದ್ದನ್ನು ನೋಡಿಯಾದರೂ ಹಾಕಲಿ ಎಂದು. ಸಂಜೆ ಬಂದಾಗ ಬಾಗಿಲಲ್ಲೇ ಕಾಯುತ್ತಿದ್ದಳು. "ಬೆಳಿಗ್ಗೆ ಮರೆತು ಹೋದ್ಯಲ್ಲೋ, ಪಾಪ, ಮೊದಲು ಅದಕ್ಕೆ ಹಾಕು" ಎಂದಳು. ದಿನವೆಲ್ಲ ಸಂಕಟಪಟ್ಟಿದ್ದಾಳೆ, ಡಬ್ಬಿ ಮಾತ್ರ ಮುಟ್ಟಿಲ್ಲ.

ನಿಮ್ಮಲ್ಲಿ ಯಾರಾದರೂ ಸಮುದ್ರದ ಮೀನು ಸಾಕಿದ್ದರೆ, ನೊರೆ ಹೀಗೆ ಉಕ್ಕಿದಾಗ ಏನು ಮಾಡಿದಿರಿ ಎಂದು ಬರೆಯಿರಿ. ನನ್ನ ಪತ್ರಿಕೆಯಲ್ಲಿ ಇಲ್ಲದ ಪುಟಗಳು ನಿಮ್ಮಲ್ಲಿರಬಹುದು. ಮೀನು ಸಾಕದವರೂ ಬರೆಯಿರಿ. ನಿಮ್ಮ ಮನೆಯಲ್ಲೂ ಯಾರಾದರೂ ತಮ್ಮ ಕೈಯನ್ನೇ ದೂರಿಕೊಂಡು ಸುಮ್ಮನೆ ಕುಳಿತಿದ್ದರೇ? ಅವರು ಮತ್ತೆ ಯಾವುದಕ್ಕಾದರೂ ಕೈ ಹಾಕಿದರೇ? ಹಾಕಿದ್ದರೆ, ನೀವು ಆಗ ಏನು ಹೇಳಿದ್ದಿರಿ?