ಗುರುಪಾದಪ್ಪ ಹತ್ತಿದ ರೈಲು

ಶಾಂತಕ್ಕ, ನಿಮ್ಮ ಗಂಡನನ್ನು ನೀವು ಕೊಂದಿರಲಿಲ್ಲ — ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಆ ಕಾದಂಬರಿ ಬರೆದೆ.

ನಿಮ್ಮ ಯಜಮಾನರು ಗುರುಪಾದಪ್ಪ ಕಾಣೆಯಾದ ದಿನ ಬೆಳಿಗ್ಗೆ ನಾನು ಕಾಚಿಗೂಡ ಸ್ಟೇಷನ್ನಿನಲ್ಲಿದ್ದೆ, ಹುಬ್ಬಳ್ಳಿಯ ಪ್ರಕಾಶಕರಿಗೆ ಹಸ್ತಪ್ರತಿಯ ಕಟ್ಟು ಕಳಿಸಲು. ಅವರು ಒಂದೇ ಚೀಲ ಹಿಡಿದು ರೈಲು ಹತ್ತುತ್ತಿದ್ದರು. ನನ್ನನ್ನು ಕಂಡು ಕೈ ಹಿಡಿದುಕೊಂಡರು. "ಮನ್ಯಾಗ ಹೇಳಬ್ಯಾಡ್ರಿ. ನಾ ತಿರುಗಿ ಬರೂದಿಲ್ಲ." ಏಕೆಂದು ಕೇಳುವಷ್ಟರಲ್ಲಿ ರೈಲು ಹೊರಟಿತ್ತು.

ಒಂದು ವಾರ ಆ ಮಾತಿಗೆ ಕಟ್ಟುಬಿದ್ದೆ ಅಂದುಕೊಳ್ಳೋಣ. ಆಮೇಲೆ? ನಾಚಾರಂ ಕಾರ್ಖಾನೆಯ ಗುಮಾಸ್ತಿಕೆ ಮುಗಿಸಿ ಬಂದು ಪತ್ತೇದಾರಿ ಕಾದಂಬರಿ ಗೀಚುತ್ತಿದ್ದ ನನಗೆ ಪಕ್ಕದ ಮನೆಯಲ್ಲೇ ಕಥೆ ಸಿಕ್ಕಿತ್ತು. ನಮ್ಮ ಅಡುಗೆಮನೆಯಲ್ಲಿ ನೀವು ನನ್ನ ಹೆಂಡತಿಯ ಮುಂದೆ ಅಳುತ್ತ ಹೇಳಿಕೊಂಡದ್ದನ್ನೆಲ್ಲ ಈಚೆ ಕೂತು ಬರೆದುಕೊಂಡೆ — ಗಂಡನ ಹೊಡೆತ, ತಾಳಲಾರದೆ ನೀವೊಮ್ಮೆ ಎತ್ತಿದ ಕಬ್ಬಿಣದ ಊದುಗೊಳವೆ... ಹೆಸರು ಬದಲಿಸಿದೆ. ಊದುಗೊಳವೆಯನ್ನು ಬದಲಿಸಲಿಲ್ಲ. ಕೊನೆಯ ಪುಟದಲ್ಲಿ ಹೆಂಡತಿಯೇ ಕೊಲೆಗಾರ್ತಿ.

ಪುಸ್ತಕ ಓಣಿಯ ಕನ್ನಡದ ಮನೆಗಳಲ್ಲೆಲ್ಲ ಕೈಯಿಂದ ಕೈಗೆ ಹೋಯಿತು. ನಲ್ಲಿಯ ಹತ್ತಿರ ಹೆಂಗಸರು ನಿಮ್ಮೊಡನೆ ಮಾತು ಬಿಟ್ಟರು. ರಾಯಚೂರಿನಿಂದ ನಿಮ್ಮ ಮೈದುನ ಬಂದು ಪುಸ್ತಕವನ್ನು ನನ್ನ ಮುಂದಿಟ್ಟ.

"ಖರೇ ಹೇಳ್ರಿ. ನಮ್ಮಣ್ಣಂದು ನಿಮಗೇನರ ಗೊತ್ತೈತೇನು?"

ರೈಲು ಹತ್ತಿದರು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಕಣ್ಣಲ್ಲಿದ್ದ ಅಂಜಿಕೆ — ನನ್ನ ಬರಹಕ್ಕೆ ಅದುವರೆಗೆ ಯಾರೂ ಹಾಗೆ ಅಂಜಿರಲಿಲ್ಲ — ಅದು ನನಗೆ ಹಿತವಾಗಿತ್ತು.

"ಬರದೀನಲ್ರಿ," ಅಂದೆ. "ಓದಿದವ್ರು ತಿಳ್ಕೋಬೇಕು."

ಮರುದಿನವೇ ಅವನು ನಿಮ್ಮ ಎಂಟು ವರ್ಷದ ಮಗಳು ಸುವರ್ಣಳನ್ನು ನಿಮ್ಮಿಂದ ಬಿಡಿಸಿಕೊಂಡು ಹೋದ. ನೀವು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಿರಿ. ನಾನು — ಕಿಟಕಿ ಮುಚ್ಚಿದೆ.

ಮುಂದೆ ನೀವು ಮನೆ ಬಿಟ್ಟಿರಿ. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ. ಎಷ್ಟೋ ವರ್ಷಗಳ ನಂತರ ನೀವು ತೀರಿಕೊಂಡದ್ದು ತಿಳಿದ ಮೇಲೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಹೋದ ತಿಂಗಳು ಕೊಂಡಾಪುರದಲ್ಲಿ ನಿಮ್ಮ ಮಗಳ ಮನೆ ಹುಡುಕಿ ಹೋಗಿ ಎಲ್ಲವನ್ನೂ ಹೇಳಿದೆ.

"ಅವ್ವ ಸತ್ತಾಗ ಮಣ್ಣಿಗೂ ನಾ ಹೋಗ್ಲಿಲ್ರಿ," ಎಂದಳು ಸುವರ್ಣ. "ಅಪ್ಪನ್ನ ಕೊಂದಾಕಿ ಅಂತ ತಿಳ್ಕೊಂಡಿದ್ದೆ." ಎದ್ದು ಬಾಗಿಲು ತೆರೆದು, "ನೀವಿನ್ನ ಹೋಗ್ರಿ."

ಕ್ಷಮೆ ಕೇಳಲೆಂದೇ ಹೋಗಿದ್ದವನು ಕೇಳದೆ ಎದ್ದು ಬಂದೆ. ಇದನ್ನು ನನ್ನ ಹೆಸರು ಹಾಕಿಯೇ ಅಚ್ಚಿಗೆ ಕೊಡುತ್ತಿದ್ದೇನೆ. ಆ ಕಾದಂಬರಿ ಓದಿದವರು ಓಣಿಯಲ್ಲಿ ಯಾರಾದರೂ ಉಳಿದಿದ್ದರೆ ಇದನ್ನೂ ಓದಲಿ. ಓದಬೇಕಾದವರು ನೀವು, ಶಾಂತಕ್ಕ — ನೀವಿಲ್ಲ.