ಎಣ್ಣೆ ಡಬ್ಬದ ನೀರು

ತಪ್ಪು ನನ್ನದೇ. ಬೇರೆಯವರ ತಲೆಗೆ ಕಟ್ಟುವುದಕ್ಕೆ ದಾರಿಯಿದ್ದಿದ್ದರೆ ಇಷ್ಟು ಹೊತ್ತಿಗೆ ಕಟ್ಟಿಬಿಟ್ಟಿರುತ್ತಿದ್ದೆ, ನಾನು ಅಂಥ ಆಸಾಮಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಹಳೇ ಕಾರೊಂದನ್ನು ಕೊಂಡು ಬೀಗುತ್ತಿದ್ದೆ. ಮುಂದಿನ ಗಾಜಿಗೆ ನೀರು ಚಿಮ್ಮಿಸುವ ಡಬ್ಬ ಬಿರುಕು ಬಿಟ್ಟು ಸೋರತೊಡಗಿತು. ಹೊಸದನ್ನು ತುಮಕೂರಿನಿಂದ ತರಿಸಬೇಕು, ಎರಡು ದಿನ ತಡೆಯಿರಿ ಎಂದರು ಮೆಕ್ಯಾನಿಕ್ ಸಾಹೇಬರು. ಮಾರನೆಯ ಬೆಳಿಗ್ಗೆಯೇ ತುರುವೇಕೆರೆಯಲ್ಲಿ ನಾದಿನಿಯ ಮಗುವಿಗೆ ನಾಮಕರಣ. ತಡೆಯುವುದು ನನ್ನ ಜಾತಕದಲ್ಲೇ ಇಲ್ಲ. ಒಂದು ನೀರಿನ ಡಬ್ಬಕ್ಕೂ ತುಮಕೂರೇ ಎಂದು ರೇಗಿ ಮನೆಗೆ ಬಂದೆ.

ನಮ್ಮ ಕಡೆ ಯಾವ ಮನೆಯಲ್ಲಿ ಏನಿಲ್ಲದಿದ್ದರೂ ಕೊಬ್ಬರಿ ಎಣ್ಣೆಯ ಖಾಲಿ ಡಬ್ಬ ಇದ್ದೇ ಇರುತ್ತದೆ. ಗಾಣದಿಂದ ಎಣ್ಣೆ ತರುತ್ತಿದ್ದ ಬಿಳೀ ಪ್ಲಾಸ್ಟಿಕ್ ಡಬ್ಬವೊಂದನ್ನು ಎತ್ತಿಕೊಂಡು, ತಳದಲ್ಲಿ ತೂತು ಕೊರೆದು, ಹಳೇ ಡಬ್ಬದ ಪಂಪನ್ನು ರಬ್ಬರ್ ಸುತ್ತಿ ಕೂರಿಸಿ, ಇಂಜಿನ್ ಪಕ್ಕ ತಂತಿಯಲ್ಲಿ ಬಿಗಿದೆ. ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ ಎಂದಳು ಹೆಂಡತಿ. ಒಳಗೆ ಇಣುಕಿದರೆ ಏನೂ ಕಾಣಲಿಲ್ಲ. ಹಾಗೇ ನಲ್ಲಿ ನೀರು ತುಂಬಿದೆ. ರಾಗಿ ಕೊಯ್ಲಿನ ಚಳಿಗಾಲ ಅದು. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಿಳೀ ಡಬ್ಬಕ್ಕೆ ಮೆತ್ತಿಕೊಂಡರೆ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಿದಾಗಿನಿಂದ ತಲೆಗೆ ಅದೇ ಎಣ್ಣೆ ಹಚ್ಚಿಕೊಂಡವನಿಗೆ ಇಷ್ಟೂ ಹೊಳೆಯಲಿಲ್ಲವೆಂದರೆ ಏನು ಹೇಳಲಿ!

ಮಾರನೆಯ ದಿನ ದಾರಿಯುದ್ದಕ್ಕೂ ಬೇಕಿದ್ದರೂ ಬೇಡದಿದ್ದರೂ ಗುಂಡಿ ಒತ್ತಿ ನೀರು ಚಿಮ್ಮಿಸಿ, ನೋಡಿದೆಯಾ ಎಂದು ಪಕ್ಕದಲ್ಲಿ ಕೂತ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. ನೊಣವಿನಕೆರೆ ದಾಟಿದ ಮೇಲೆ ರಸ್ತೆಗೆ ರಾಗಿ ಹರಡಿದ್ದರು. ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು ಹೀಗೆ ಹರಡುವುದು ನಮ್ಮಲ್ಲಿ ಮಾಮೂಲು. ಸ್ವಲ್ಪ ಮುಂದೆ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ, ಕವೆಗೋಲಿನಿಂದ ಹುಲ್ಲು ತಿರುವಿಹಾಕುತ್ತಿದ್ದಳು. ಎದುರಿನಿಂದ ಬಂದ ಲಾರಿ ಎಬ್ಬಿಸಿದ ದೂಳು ಗಾಜಿಗೆ ಕವಿಯಿತು. ಗುಂಡಿ ಒತ್ತಿದೆ.

ನೀರು ಮುಗಿದಿತ್ತು. ಇಂಜಿನ್ ಬಿಸಿಗೆ ಕರಗಿ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ ಚಿಮ್ಮಿತು. ವೈಪರ್ ಅದನ್ನು ದೂಳಿನೊಂದಿಗೆ ಕಲಸಿ ಗಾಜಿನ ತುಂಬ ಬಳಿಯಿತು. ಎದುರು ಬಿಸಿಲು ಬೇರೆ. ರಸ್ತೆ ಇಲ್ಲ, ಹೆಂಗಸು ಇಲ್ಲ, ಎಲ್ಲ ಬೆಳ್ಳಗೆ. ಬ್ರೇಕ್ ತುಳಿದರೆ ಹುಲ್ಲಿನ ಮೇಲೆ ಚಕ್ರ ಜಾರುತ್ತಲೇ ಹೋಯಿತು. ಹೆಂಡತಿ ಚೀರಿದಳು. ಮುಗಿಯಿತು, ಒಂದು ಜೀವ ತೆಗೆದೆ ಎಂದುಕೊಂಡೆ.

ಕಾರು ನಿಂತಿತು. ಇಳಿದು ಮುಂದಕ್ಕೆ ಓಡಿ ನೋಡಿದೆ. ಆ ಹೆಂಗಸಿನ ಸೀರೆಯ ಅಂಚಿಗೂ ಬಂಪರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಅವಳು ಆಗಷ್ಟೇ ಸೊಂಟ ನೆಟ್ಟಗೆ ಮಾಡಿ ತಿರುಗಿದಳು. ನನ್ನ ಹಾಳು ಬುದ್ಧಿ, ರೇಗಿದ್ದು ಅವಳ ಮೇಲೆಯೇ.

"ಗಾಡಿ ಬರೋದು ಕೇಳುಸ್ಲಿಲ್ವೇನಮ್ಮ ನಿಂಗೆ?"

"ಕೇಳುಸ್ತು ಕಣ್ರೀ," ಎಂದಳು. "ನೀವು ನೋಡ್ಕಂಡೇ ಬತ್ತೀರಲ್ಲ ಅಂತ ನಾನು ತಿರುಗ್ಲಿಲ್ಲ."

ಹಾಗೆಂದು ಪಕ್ಕಕ್ಕೆ ಸರಿದು ನಿಂತು, ಹುಲ್ಲಿನ ಮೇಲೆ ಇನ್ನೊಂದು ಸಲ ಹೋಗಿ ಎಂದು ಕೈ ತೋರಿಸಿದಳು.