ಮೊದಲು ತಲೆ, ಆಮೇಲೆ ಸೈಕಲ್ಲು

ನಮ್ಮ ಶಿರಿಯದಲ್ಲಿ ಯಾರಿಗೆ ಸನ್ಮಾನ ಆಗಲಿ, ಸನ್ಮಾನ ಪತ್ರ ಬರೆಯುವುದು ನಾನೇ. ಯಾಕೆಂದರೆ ನಾನು ಕನ್ನಡ ಟೀಚರ್. ಕಾಸರಗೋಡಿನಲ್ಲಿ ಕನ್ನಡ ಟೀಚರ್ ಎಂದರೆ ಪಾಠದ ಜೊತೆಗೆ ಪ್ರಾರ್ಥನೆ, ಸ್ವಾಗತ, ನಿರೂಪಣೆ, ಧನ್ಯವಾದ ಎಲ್ಲದಕ್ಕೂ ಸಿಕ್ಕುವ ಬಿಟ್ಟಿ ಜನ. "ಶ್ರೀವಾಣಿ ಟೀಚರ್, ಒಂದೇ ಪುಟ ಸಾಕು, ನಿಮಗೆ ಅದೆಂತ ಮಹಾ!" ಎಂದು ಹೇಳಿ ಹೋಗುತ್ತಾರೆ. ಬರೆದುಕೊಟ್ಟದ್ದಕ್ಕೆ ಗಾಜು ಹಾಕಿಸಿ ಚೌಕಟ್ಟು ಕಟ್ಟಿಸುತ್ತಾರೆ, ಆಮೇಲೆ ಅದನ್ನು ಓದುವವರು ಒಬ್ಬರೂ ಇಲ್ಲ. ಧನರಾಜನೊಬ್ಬನಿಗೇ ಎಷ್ಟು ಬರೆದಿದ್ದೇನೋ ನನಗೇ ನೆನಪಿಲ್ಲ. "ಅಲೆಗಳನ್ನು ಗೆದ್ದ ಧೀರ, ಸಾಹಸದ ಗಣಿ, ಯುವಜನರ ದಾರಿದೀಪ" ಎಂದೆಲ್ಲ ಉಂಟು. ಧನರಾಜ ಮಾತ್ರ ಒಂದರಲ್ಲಿಯೂ ಇಲ್ಲ.

ಅವನ ಬಗ್ಗೆ ನಿಜ ಬರೆಯುವುದಾದರೆ ಹೀಗೆ ಬರೆಯಬೇಕು. ಧನರಾಜ ಟ್ರಯಥ್ಲಾನ್ ಆಡುವವನು. ಅಂದರೆ ಮೊದಲು ಈಜಬೇಕು, ನೀರಿನಿಂದ ಎದ್ದ ಹಾಗೆಯೇ ಸೈಕಲ್ ಹತ್ತಬೇಕು, ಸೈಕಲ್ ಇಳಿದ ಹಾಗೆಯೇ ಓಡಬೇಕು. ನಡುವೆ ಕೂತು ಚಾ ಕುಡಿಯಲಿಕ್ಕಿಲ್ಲ. ದೇಶದ ಜೆರ್ಸಿ ಹಾಕಿ ಹೊರದೇಶಕ್ಕೆ ಹೋಗಿ ಬಂದವನು, ಪದಕ ತಂದವನು. ಊರಿನವರಿಗೆ ಇದು ಅರ್ಥವಾದ ರೀತಿಯೇ ಬೇರೆ. ಈಜು ಗೊತ್ತುಂಟಲ್ಲ ಎಂದು ಬಾವಿಗೆ ಬಿದ್ದ ಕೊಡಪಾನ ತೆಗೆಯಲು ಅವನನ್ನು ಕರೆದರು. ಸೈಕಲ್ ಗೊತ್ತುಂಟಲ್ಲ ಎಂದು ಮಕ್ಕಳ ಸೈಕಲಿನ ಚೈನು ಕೂರಿಸಲು ಕರೆದರು. ಓಟ ಗೊತ್ತುಂಟಲ್ಲ ಎಂದು ಹಗ್ಗ ಬಿಡಿಸಿಕೊಂಡು ಓಡಿದ ಕರುವಿನ ಹಿಂದೆ ಬಿಟ್ಟರು. ಪುಣ್ಯಾತ್ಮ ಎಲ್ಲದಕ್ಕೂ ಹೋದ. ತುಳುವಿನಲ್ಲಿ "ಆವು", ಕನ್ನಡದಲ್ಲಿ "ಆಯ್ತು", ಮಲಯಾಳದಲ್ಲಿ "ಶರಿ" ಎನ್ನಲು ಅವನಿಗೆ ಚೆನ್ನಾಗಿ ಬರುತ್ತದೆ. ಇಲ್ಲ ಎನ್ನಲು ಮಾತ್ರ ಯಾವ ಭಾಷೆಯಲ್ಲಿಯೂ ಬರುವುದಿಲ್ಲ.

ಶನಿವಾರ, ಭಾನುವಾರ ಹೊಳೆಬದಿಯಲ್ಲಿ ಅವನ ಶಾಲೆ. ಫೀಸು ಇಲ್ಲ, ಹಾಜರಿ ಇಲ್ಲ, ಬೈಗುಳವೂ ಇಲ್ಲ. ಸುತ್ತಮುತ್ತಲಿನ ಮಕ್ಕಳು ಬಂದು ನೀರಿಗೆ ಬೀಳುತ್ತಾರೆ. ಎದ್ದು ಬಂದವರಿಗೆ ಮೈ ಒರೆಸಲು ಕೊಡುವುದು ಸನ್ಮಾನದ ಶಾಲು. ಅವನ ಅಮ್ಮ ಅಪ್ಪಿಯಕ್ಕ ಅವನ್ನೆಲ್ಲ ಒಗೆದು ಒಂದು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಾರೆ. "ಪೆಟ್ಟಿಗೆಯಲ್ಲಿ ಇಟ್ಟು ಎಂತ ಮಾಡುವುದು ಟೀಚರ್? ಬೇಯಿಸಿದರೆ ಗಂಜಿ ಆಗ್ತದಾ?" ಎಂದು ಅವರು ನನ್ನನ್ನು ಕೇಳಿದ್ದರು. ನಿಜ ಹೇಳಬೇಕೆಂದರೆ ಆ ಶಾಲು ಒರೆಸಲಿಕ್ಕೂ ಆಗುವುದಿಲ್ಲ. ನೀರು ಹೀರುವುದು ಬಿಟ್ಟು ಬೆನ್ನಿನ ನೀರನ್ನು ಹೊಟ್ಟೆಗೆ ದೂಡುತ್ತದೆ, ಜರಿ ಬೇರೆ ಚುಚ್ಚುತ್ತದೆ. ಆದರೂ ಚಳಿಗೆ ನಡುಗುವ ಮಕ್ಕಳು ಅದನ್ನೇ ಹೊದ್ದು, ಸಾಲಾಗಿ ಕೂತು, ಅಧ್ಯಕ್ಷರುಗಳ ಹಾಗೆ ಕಾಣುತ್ತಾರೆ.

ಅವನು ಕಲಿಸುವುದರಲ್ಲಿ ನನಗೆ ಹೆಚ್ಚು ಇಷ್ಟ ನೀರಿನಿಂದ ಸೈಕಲಿಗೆ ಬದಲಾಗುವ ಪಾಠ. ಹೆಲ್ಮೆಟ್ ತಲೆಗೆ ಬಿಗಿಯುವ ಮುಂಚೆ ಸೈಕಲ್ ಮುಟ್ಟಿದರೆ ತಪ್ಪು. ಒದ್ದೆ ಕೈ ನಡುಗುತ್ತದೆ, ಗಡಿಬಿಡಿಯಲ್ಲಿ ಎಲ್ಲರೂ ಸೈಕಲಿಗೇ ಕೈ ಹಾಕುತ್ತಾರೆ. "ಮೊದಲು ತಲೆ, ಆಮೇಲೆ ಸೈಕಲ್ಲು" ಎಂದು ಅವನು ದಡದಲ್ಲಿ ನಿಂತು ಕೂಗುತ್ತಿರುತ್ತಾನೆ. ಅವನೇ ಮಾಡಿ ತೋರಿಸಿದರೆ ನಾವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮನುಷ್ಯ ಅಲ್ಲಿ ಇರುವುದಿಲ್ಲ.

ಆ ಮಕ್ಕಳಲ್ಲಿ ಎಲ್ಲರಿಗಿಂತ ಗಟ್ಟಿ ಮೋಕ್ಷಿತಾ. ಎಣ್ಮಕಜೆಯ ಹುಡುಗಿ, ಪ್ಲಸ್ ಟು ಓದುತ್ತಿದ್ದಳು. ತಾಯಿ ಗೇರು ತೋಟದಲ್ಲಿ ಕೆಲಸಕ್ಕೆ ಹೋಗುವವರು. ಎರಡು ಬಸ್ಸು ಬದಲಿಸಿ ಹೊಳೆಗೆ ಬರುತ್ತಿದ್ದಳು. ಧನರಾಜ ತನ್ನದೇ ರೇಸ್ ಸೈಕಲನ್ನು ಅವಳಿಗೆ ಕೊಟ್ಟು, ತಾನು ಹಳೆಯದರಲ್ಲಿ ಕಿರ್ರೋ ಎನ್ನುತ್ತ ಹೋಗುತ್ತಿದ್ದ. ಕಳೆದ ವರ್ಷ ರಾಜ್ಯ ತಂಡದ ಆಯ್ಕೆ ಕಣ್ಣೂರಿನ ಹತ್ತಿರ ಒಂದು ಭಾನುವಾರ ಮಧ್ಯಾಹ್ನ ಇತ್ತು. ಕಿರಿಯರ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ, ಆಮೇಲೆ ವಯಸ್ಸು ದಾಟುತ್ತದೆ. ಕೋಚ್ ಖುದ್ದು ಬಂದು ಸಹಿ ಹಾಕದೆ ಯಾರನ್ನೂ ನೀರಿಗೆ ಇಳಿಸುವುದಿಲ್ಲ ಎಂಬ ನಿಯಮ ಬೇರೆ. ಹೆದ್ದಾರಿ ಕೆಲಸದ ಧೂಳಿನಲ್ಲಿ ಕಣ್ಣೂರು ಮುಟ್ಟಬೇಕಾದರೆ ಶಿರಿಯದಿಂದ ಹತ್ತೂವರೆಗಾದರೂ ಹೊರಡಬೇಕು.

ಸರಿ, ಅದೇ ಭಾನುವಾರ ಬೆಳಿಗ್ಗೆಯೇ ನಮ್ಮ ಗೆಳೆಯರ ಬಳಗಕ್ಕೆ ಧನರಾಜನನ್ನು ಸನ್ಮಾನಿಸುವ ಹುಕಿ ಬಂತು. ಬಳಗದ ಅಧ್ಯಕ್ಷರು ಈಶ್ವರಪ್ರಸಾದರು, ಪೈಂಟು ಸಿಮೆಂಟಿನ ಅಂಗಡಿಯವರು. ಊರಿನ ಎಲ್ಲರಿಗೂ ಶಾಲು ಹೊದೆಸಿದ್ದಾರೆ. ಅವರಿಗೆ ಹೊದೆಸಲು ಮಾತ್ರ ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಪತ್ರ ಬರೆಸಲು ಬಂದಾಗ ನಾನು ಆಯ್ಕೆಯ ವಿಷಯ ಹೇಳಿದೆ.

"ಹತ್ತು ನಿಮಿಷದ ಕೆಲಸ ಟೀಚರ್. ಒಂಬತ್ತಕ್ಕೆ ಸುರು, ಒಂಬತ್ತೂವರೆಗೆ ಉಪ್ಪಿಟ್ಟು. ಧನರಾಜ ಆಯ್ತು ಅಂದಿದ್ದಾನೆ."

"ಅವನು ಯಾವುದಕ್ಕೆ ಆಯ್ತು ಅನ್ನಲಿಲ್ಲ ಪ್ರಸಾದಣ್ಣ?"

"ನೀವು ಸುಮ್ಮನೆ ಹೆದರ್ತೀರಿ ಮಾರಾಯ್ರೆ" ಎಂದು ಅವರು ನಕ್ಕು ಹೋದರು. ನನಗೆ ಮೈ ಉರಿಯಿತು. ಸಿಟ್ಟಿನಲ್ಲಿ ಹಳೆಯ ಪತ್ರವನ್ನೇ ಮತ್ತೆ ನಕಲು ಮಾಡಿಕೊಟ್ಟೆ.

ಆ ದಿನ ಒಂಬತ್ತಕ್ಕೆ ಸಭಾಂಗಣದಲ್ಲಿ ಕುರ್ಚಿ ಒರೆಸುತ್ತಿದ್ದರು. ಹಿಂದೆ ದೊಡ್ಡ ಬ್ಯಾನರು: "ಯುವ ಕ್ರೀಡಾಪ್ರತಿಭೆಗಳಿಗೆ ನಮ್ಮ ಪ್ರೋತ್ಸಾಹ". ಹೊರಗೆ ಧನರಾಜನ ಗೆಳೆಯ ಜಯಂತನ ಓಮ್ನಿ ವ್ಯಾನಿನ ಮೇಲೆ ಸೈಕಲ್ ಕಟ್ಟಿ ಆಗಿತ್ತು. ಒಳಗೆ ಮೋಕ್ಷಿತಾ ಟ್ರ್ಯಾಕ್ ಸೂಟಿನಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಹರಿವಾಣ ಹಿಡಿಯಲು ಒಂದು ಹುಡುಗಿ ಬೇಕು ಎಂದು ಅವಳನ್ನೇ ಎಬ್ಬಿಸಿ ವೇದಿಕೆಗೆ ಹತ್ತಿಸಿದರು. ಪ್ರೋತ್ಸಾಹ ಎಂದರೆ ಅದು! ಉದ್ಘಾಟಕರು ಹತ್ತು ಗಂಟೆಗೆ ಸ್ವಲ್ಪ ಮುಂಚೆ ಬಂದು ಸಮಯಪಾಲನೆಯ ಬಗ್ಗೆ ಮಾತನಾಡಿದರು, ಬಹಳ ಹೊತ್ತು ಮಾತನಾಡಿದರು. ಪೇಟ ಇಟ್ಟು, ಶಾಲು ಹೊದೆಸಿ, ಹಾರ ಹಾಕುವಾಗ ಹತ್ತು ಇಪ್ಪತ್ತು. ಇನ್ನೂ ನನ್ನ ಪತ್ರ, ಮೂರು ಮಂದಿ ಅತಿಥಿಗಳ ಮಾತು, ಅಧ್ಯಕ್ಷೀಯ ಭಾಷಣ ಬಾಕಿ. ಒಮ್ಮೆ ಪೇಟ ಇಟ್ಟರೆ ಧನ್ಯವಾದ ಮುಗಿಯುವವರೆಗೆ ಏಳುವ ಕ್ರಮ ನಮ್ಮಲ್ಲಿ ಇಲ್ಲ. ಸಮುದ್ರದ ಅಲೆಯಲ್ಲಿ ಈಜಿದ ಮನುಷ್ಯ ಆ ಕುರ್ಚಿಯಲ್ಲಿ ಮುಳುಗುತ್ತ ಕೂತಿದ್ದ. ಬೆವರು ಪೇಟದ ಅಡಿಯಿಂದ ಇಳಿಯುತ್ತಿತ್ತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು, ಹರಿವಾಣದ ಮೂಸಂಬಿಯ ಮೇಲಿಂದ ಗಡಿಯಾರವನ್ನೇ ನೋಡುತ್ತಿದ್ದಳು.

ನಾನು ಪತ್ರ ಹಿಡಿದು ಮೈಕಿನ ಹತ್ತಿರ ಬರುವಾಗ ಅವಳು ಅವನ ಕಡೆ ಬಾಗಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿತು.

"ಧನಣ್ಣ, ಮೊದಲು ತಲೆ."

ಅವನು ಅವಳನ್ನೊಮ್ಮೆ ನೋಡಿದ. ಎದ್ದು ನಿಂತ. ಪೇಟ ತೆಗೆದು ಪಕ್ಕದಲ್ಲಿದ್ದ ಈಶ್ವರಪ್ರಸಾದರ ತಲೆಗೆ ಇಟ್ಟ. ಅವರು ಬಾಯಿ ತೆರೆಯುವುದರೊಳಗೆ ಶಾಲು ಅವರ ಹೆಗಲಿಗೆ, ಹಾರ ಕುತ್ತಿಗೆಗೆ ಹೋಗಿತ್ತು. ಮೋಕ್ಷಿತಾ ಹರಿವಾಣವನ್ನು ಅವರ ಮಡಿಲಲ್ಲಿ ಇಟ್ಟಾಗಿತ್ತು.

"ಊರಿಗೆಲ್ಲ ಸನ್ಮಾನ ಮಾಡಿದವರಿಗೆ ನಾವು ಒಮ್ಮೆಯೂ ಮಾಡಲಿಲ್ಲ" ಎಂದ ಧನರಾಜ ಮೈಕಿನಲ್ಲಿ. "ಇದು ಪ್ರಸಾದಣ್ಣನಿಗೆ ಸಲ್ಲಬೇಕಾದ್ದು."

ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಈಶ್ವರಪ್ರಸಾದರು ಏಳಬೇಕೆಂದು ಅರ್ಧ ಎದ್ದವರು ಚಪ್ಪಾಳೆ ಕೇಳಿ ಮತ್ತೆ ಕೂತರು. ಅಯ್ಯೋ, ಆ ಮುಖ ನೋಡಬೇಕಿತ್ತು! ಎಷ್ಟು ವರ್ಷದಿಂದ ಕಾದಿದ್ದರೋ ಪಾಪ, ಕಣ್ಣು ಒರೆಸಿಕೊಂಡರು. ನಾನು ತಡ ಮಾಡಲಿಲ್ಲ, ಪತ್ರ ಓದಲು ಸುರುಮಾಡಿದೆ. ಹೆಸರು ಮಾತ್ರ ಬದಲಿಸಿದೆ, ಬೇರೆ ಒಂದು ಪದವನ್ನೂ ಮುಟ್ಟುವ ಅಗತ್ಯ ಬೀಳಲಿಲ್ಲ. ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ಕಾಣದ ಈಶ್ವರಪ್ರಸಾದರನ್ನು ಅಲೆಗಳನ್ನು ಗೆದ್ದ ಧೀರ ಎಂದಾಗಲೂ ಯಾರೂ ತಲೆ ಎತ್ತಲಿಲ್ಲ. ಹೊರಗೆ ಅವರಿಬ್ಬರನ್ನು ಹತ್ತಿಸಿಕೊಂಡು ಓಮ್ನಿ ಹೊರಟ ಸದ್ದು ನನಗೊಬ್ಬಳಿಗೇ ಕೇಳಿಸಿರಬೇಕು. ಮರುದಿನದ ಪೇಪರಿನಲ್ಲಿ ಪೇಟ ತೊಟ್ಟ ಈಶ್ವರಪ್ರಸಾದರ ಫೋಟೊ ಬಂತು, ಕೆಳಗೆ ಧನರಾಜನ ಹೆಸರು.

ಕಣ್ಣೂರಿನಲ್ಲಿ ಗೇಟು ಹಾಕುವ ಹೊತ್ತಿಗೆ ಇವರು ಮುಟ್ಟಿದರಂತೆ. ಓಮ್ನಿಯಿಂದ ಜಿಗಿದ ಧನರಾಜ ಓಡಿ ಹೋಗಿ ಸಹಿ ಹಾಕಿದನಂತೆ. ಮೋಕ್ಷಿತಾ ಮೂರನೆಯವಳಾಗಿ ಬಂದು ಆಯ್ಕೆಯಾದಳು. ಫೋನಿನಲ್ಲಿ ಅವಳ ಅಮ್ಮ ಮಾತು ಬಾರದೆ ಅಳುತ್ತಿದ್ದರು, ನಾನೂ ಅತ್ತೆ.

ಈ ವರ್ಷ ಬಳಗದವರಿಗೆ ಸನ್ಮಾನಕ್ಕೆ ಅವಳ ನೆನಪಾಯಿತು. ಈಶ್ವರಪ್ರಸಾದರು ಅವಳಿಗೆ ಫೋನ್ ಮಾಡುವಾಗ ನಾನು ಹೊಳೆಬದಿಯಲ್ಲೇ ಇದ್ದೆ.

"ಆ ದಿನ ಆಗುವುದಿಲ್ಲ ಪ್ರಸಾದಣ್ಣ, ಪ್ರಾಕ್ಟೀಸ್ ಉಂಟು" ಎಂದು ಹೇಳಿ ಅವಳು ಫೋನ್ ಇಟ್ಟಳು. ಅಷ್ಟೇ. ಆಕಾಶ ಬೀಳಲಿಲ್ಲ, ಹೊಳೆಯೂ ಬತ್ತಲಿಲ್ಲ. ಧನರಾಜ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

"ನೀನು ಅದನ್ನು ಹೇಗೆ ಹೇಳಿದ್ದು? ಇನ್ನೊಮ್ಮೆ ಹೇಳು ನೋಡುವ" ಎಂದ.

"ಮೊದಲು ತಲೆ ಧನಣ್ಣ. ಹೀಗೆ ಅಡ್ಡ ಆಡಿಸಬೇಕು. ಆಮೇಲೆ ಬಾಯಿ."

ಅವನು ಮಕ್ಕಳ ಎದುರೇ ಎರಡು ಸಲ ಅಭ್ಯಾಸ ಮಾಡಿದ. ಮಕ್ಕಳು ನೀರಿನಲ್ಲೇ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು, ಯಾವುದೋ ಕ್ಲಬ್ಬಿನವರದು, ಈಗಲೇ ಬಂದು ರಿಬ್ಬನ್ ಕತ್ತರಿಸಬೇಕಂತೆ. ಅವನ ತಲೆ ಸರಿಯಾಗಿಯೇ ಅಡ್ಡ ಆಡಿತು. ಬಾಯಿ ಮಾತ್ರ "ಆಯ್ತು, ಬರ್..." ಎಂದಿತು.

ಮೋಕ್ಷಿತಾ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ಧನಣ್ಣ ಬರುವುದಿಲ್ಲ" ಎಂದಳು. "ಮಕ್ಕಳು ನೀರಿನಲ್ಲಿದ್ದಾರೆ."